ಮನೇಲೇ ರೆಡಿ ಮಾಡೋಕೆ ಯಾವ್ದು: ಹಳೇ ಮಹೀಂದ್ರ ಜೀಪಾ, ಮಾರುತಿ ಜಿಪ್ಸಿನಾ?

ಮೊದಲ್ನೇ ಸಲ ಕೈ ಹಾಕ್ತಿರೋರಿಗೆ ನಾನು ಹೇಳೋದು ಮಹೀಂದ್ರದ ಹಳೇ ಜೀಪ್ ಮಾಡೆಲ್ ಸಿಜೆ-3ಬಿ. ಬಾಡಿ ಬಹುಪಾಲು ಚಪ್ಪಟೆ ತಗಡು, ತುಕ್ಕು ಹಿಡಿದ ಜಾಗ ಕತ್ತರಿಸಿ ಹೊಸ ಶೀಟ್ ವೆಲ್ಡ್ ಮಾಡಿದ್ರೆ ಆಯ್ತು, ಮಲ್ನಾಡು, ಕೊಡಗು ಕಡೆ ಜೀಪ್ ಕೆಲ್ಸ ಗೊತ್ತಿರೋ ಮೇಸ್ತ್ರಿಗಳೂ ಸಿಗ್ತಾರೆ. 2.2 ಲೀಟರ್ ಹರಿಕೇನ್ ಪೆಟ್ರೋಲ್ ಇಂಜಿನ್ನಲ್ಲಿ ಗಾಳಿ-ಪೆಟ್ರೋಲ್ ಒಳಗೆ ಬಿಡೋ ಇನ್‌ಟೇಕ್ ವಾಲ್ವ್ ಮೇಲಿನ ಹೆಡ್ಡಲ್ಲಿ, ಹೊಗೆ ಹೊರಗೆ ಬಿಡೋ ಎಕ್ಸಾಸ್ಟ್ ವಾಲ್ವ್ ಕೆಳಗಿನ ಬ್ಲಾಕಲ್ಲಿ, ಅದ್ಕೇ ಟ್ಯಾಪೆಟ್ (ವಾಲ್ವ್ ಗ್ಯಾಪ್) ಸೆಟ್ ಮಾಡುವಾಗ ಪಕ್ಕದ ಕವರೂ ಬಿಚ್ಬೇಕು, ಆದ್ರೆ ಎಲ್ಲಾ ಕಣ್ಣಿಗೆ ಕಾಣುತ್ತೆ, ಕೈಗೆ ಎಟುಕುತ್ತೆ, ಕಲಿಯೋಕೆ ಇದಕ್ಕಿಂತ ಒಳ್ಳೇದಿಲ್ಲ. ಒಂದೇ ಎಚ್ಚರಿಕೆ, ಎಷ್ಟೋ ಜೀಪಿಗೆ ಡೀಸೆಲ್ ಇಂಜಿನ್ ಕೂರ್ಸಿರ್ತಾರೆ, ದುಡ್ಡು ಕೊಡೋ ಮುಂಚೆ ಇಂಜಿನ್ ನಂಬರ್ ಆರ್‌ಸಿ ಜೊತೆ ತಾಳೆ ನೋಡಿ.

ಜಿಪ್ಸಿ ಬಂದಿದ್ದು 1985ರಲ್ಲಿ, ಮೊದಲು 970 ಸಿಸಿ, ಆಮೇಲೆ 1.3 ಲೀಟರ್. ಹಗುರ, ಹೈವೇಲಿ ಜೀಪಿಗಿಂತ ಎಷ್ಟೋ ಆರಾಮ, ದಿನಾ ಓಡಿಸ್ಬೇಕು ಅನ್ನೋರು ಇದನ್ನೇ ತಗೊಳ್ಳಿ. ತುಕ್ಕೇ ಇದ್ರ ಶತ್ರು. ಮ್ಯಾಟ್ ಎತ್ತಿ ಫ್ಲೋರನ್ನ ಸ್ಕ್ರೂಡ್ರೈವರಲ್ಲಿ ಚುಚ್ಚಿ ನೋಡಿ, ಬಿಸ್ಕತ್ ಥರ ಉದುರಿದ್ರೆ ಚಾಸಿನೂ ಕೆಳಗೆ ಮಲಗಿ ಪೂರ್ತಿ ನೋಡ್ದೆ ಅಡ್ವಾನ್ಸ್ ಕೊಡ್ಬೇಡಿ.