ಆಸಿಯಾನ್ ಏಕಗವಾಕ್ಷಿಯ ಇ-ಫಾರ್ಮ್ ಡಿ: ಸಾಗಣೆ ಚೊಕ್ಕ, ಲೆಕ್ಕ ರಫ್ತುದಾರರದೇ

ಆಗ್ನೇಯ ಏಷ್ಯಾದಲ್ಲಿ ಒಂದೇ ಕಾರಿನ ಬಿಡಿಭಾಗಗಳು ಹಲವು ದೇಶಗಳಲ್ಲಿ ತಯಾರಾಗುತ್ತವೆ. ಗಡಿಯಲ್ಲಿ ಸುಂಕ ವಿನಾಯಿತಿ ಸಿಗಬೇಕಾದರೆ ಸರಕು ಆಸಿಯಾನ್ (ಆಗ್ನೇಯ ಏಷ್ಯಾ ದೇಶಗಳ ಒಕ್ಕೂಟ) ಮೂಲದ್ದೆಂದು ಹೇಳುವ ಫಾರ್ಮ್ ಡಿ ಎಂಬ ಪ್ರಮಾಣಪತ್ರ ಬೇಕು. 2018ರ ಜನವರಿಯಿಂದ ಇಂಡೊನೇಷ್ಯಾ, ಮಲೇಷ್ಯಾ, ಸಿಂಗಪುರ, ಥಾಯ್ಲೆಂಡ್, ವಿಯೆಟ್ನಾಂ ಇದನ್ನು ವಿದ್ಯುನ್ಮಾನವಾಗಿ ಕಳಿಸಿಕೊಳ್ಳುತ್ತಿವೆ. ಆಗಿನ ಉಳಿದ ಐದು ಸದಸ್ಯ ದೇಶಗಳು ಆಮೇಲೆ ಸೇರಿದವು.

ಪತ್ರ ಸಾಗಿಸುವ ಕೆಲಸಕ್ಕೆ ಪೂರ್ಣ ಅಂಕ ಕೊಡಬಹುದು. ರಫ್ತುದಾರರು ತಮ್ಮ ದೇಶದ ಏಕಗವಾಕ್ಷಿಯಲ್ಲಿ (ವ್ಯಾಪಾರದ ಕಾಗದಪತ್ರಗಳನ್ನು ಒಂದೇ ಕಡೆ ಸಲ್ಲಿಸುವ ಆನ್‌ಲೈನ್ ವ್ಯವಸ್ಥೆ) ಅರ್ಜಿ ಹಾಕುತ್ತಾರೆ, ಅಧಿಕಾರಿ ಒಪ್ಪಿದ ಮೇಲೆ ಪತ್ರ ನೇರವಾಗಿ ಆಮದು ದೇಶದ ಏಕಗವಾಕ್ಷಿಗೆ ಹೋಗುತ್ತದೆ. ನಡುವೆ ಪತ್ರಗಳನ್ನು ಕೂಡಿಡುವ ಕೇಂದ್ರ ಭಂಡಾರವಿಲ್ಲ. ಒಂದೇ ಮಾರುಕಟ್ಟೆಗೆ ಪೈಪೋಟಿ ನಡೆಸುವ ನೆರೆಯ ದೇಶಗಳಿಗೆ ಇದು ಹೇಳಿಮಾಡಿಸಿದ ಏರ್ಪಾಡು. ಸರಕು ಬಂದಿಳಿದರೂ ಕೊರಿಯರ್ ಬಂದಿಲ್ಲ ಎಂಬ ಕಾಟವಿಲ್ಲ, ಸಹಿ-ಮೊಹರು ಮಾದರಿಗೆ ಹೊಂದುತ್ತಿಲ್ಲ ಎಂಬ ತಕರಾರೂ ಇಲ್ಲ.

ಎಡವುವುದು ಮೂಲದ ಲೆಕ್ಕದಲ್ಲಿ. ಸಾಮಾನ್ಯ ನಿಯಮದಂತೆ ಪ್ರಾದೇಶಿಕ ಮೌಲ್ಯ, ಅಂದರೆ ಬೆಲೆಯಲ್ಲಿ ಆಸಿಯಾನ್ ಒಳಗಿನ ಪಾಲು, ಕನಿಷ್ಠ 40% ಇರಬೇಕು, ಇಲ್ಲವೇ ಹೊರಗಿನ ಸಾಮಗ್ರಿಯ ಎಚ್‌ಎಸ್ ಸಂಖ್ಯೆಯ (ಸರಕುಗಳನ್ನು ವರ್ಗೀಕರಿಸುವ ಅಂತರರಾಷ್ಟ್ರೀಯ ಸಂಕೇತ) ಮೊದಲ ನಾಲ್ಕು ಅಂಕಿ ತಯಾರಾದ ಸರಕಿನಲ್ಲಿ ಬದಲಾಗಿರಬೇಕು. ಎಫ್‌ಒಬಿ ಬೆಲೆ (ಹಡಗಿಗೇರಿಸುವವರೆಗಿನ ಖರ್ಚು ಸೇರಿದ ಬೆಲೆ) 100 ಡಾಲರ್, ಹೊರಗಿನ ಸಾಮಗ್ರಿ 58 ಡಾಲರ್ ಆದರೆ 42%, ಪಾಸು. ಅದೇ ಸಾಮಗ್ರಿ 61ಕ್ಕೇರಿದರೆ 39%, ಮೌಲ್ಯದ ದಾರಿಯಲ್ಲಿ ವಿನಾಯಿತಿ ಹೋಯಿತು. ಸಾಮಗ್ರಿಯ ದರ ಬದಲಾದಾಗೆಲ್ಲ ಲೆಕ್ಕವನ್ನು ಹೊಸದಾಗಿ ಹಾಕಲೇಬೇಕು. ಸಂಖ್ಯೆ ಬದಲಾಗದ ಸಾಮಗ್ರಿ ಬೆಲೆಯ 10% ಮೀರದಿದ್ದರೆ ನಡೆಯುತ್ತದೆಂಬ ಅಲ್ಪಪ್ರಮಾಣ ಸಡಿಲಿಕೆ ಎಚ್‌ಎಸ್ ಬದಲಾವಣೆಯ ನಿಯಮಕ್ಕೆ ಮಾತ್ರ. ಇಲ್ಲಿ ಅದು ಕೈಹಿಡಿಯುವುದಿಲ್ಲ.

ಕೈಹಿಡಿಯಬಲ್ಲದ್ದು ಭಾಗಶಃ ಸಂಚಯನ, ಅಂದರೆ ಬೇರೆ ಸದಸ್ಯ ದೇಶದ ಬಿಡಿಭಾಗದಲ್ಲಿರುವ ಆಸಿಯಾನ್ ಪಾಲನ್ನಷ್ಟೇ ಲೆಕ್ಕಕ್ಕೆ ಸೇರಿಸುವುದು. ಆ 61ರಲ್ಲಿ 20 ಡಾಲರಿನ ಮಲೇಷ್ಯಾದ ಭಾಗವೊಂದಿದೆ, ಅದರ ಸ್ವಂತ ಮೌಲ್ಯ 25% ಎಂದುಕೊಳ್ಳಿ. 40% ಮುಟ್ಟದ ಕಾರಣ ಇಡೀ ಭಾಗ ಹೊರಗಿನದೆನಿಸುತ್ತದೆ. ಆದರೆ ಸ್ವಂತ ಮೌಲ್ಯ ಕನಿಷ್ಠ 20% ಇದ್ದರೆ ಅಷ್ಟನ್ನು ಸೇರಿಸಿಕೊಳ್ಳಬಹುದು: 5 ಡಾಲರ್ ಒಳಬಂದು ಒಟ್ಟು 44% ಆಗುತ್ತದೆ. ಇಷ್ಟು ಉಪಯುಕ್ತ ಸೌಲಭ್ಯವನ್ನು ಬಿಟ್ಟುಕೊಡಬಾರದು. ಒಂದು ಎಚ್ಚರ: ಭಾಗಶಃ ಸಂಚಯನದ ಗುರುತಿರುವ ಫಾರ್ಮ್ ಡಿ ಮೌಲ್ಯ ಸೇರಿಸಲು ಮಾತ್ರ, ಆ ಭಾಗಕ್ಕೆ ಸುಂಕ ವಿನಾಯಿತಿ ಕೊಡಿಸುವುದಿಲ್ಲ.

ಪತ್ರದಲ್ಲಿ ಬರೆಯಬೇಕಾದ್ದು ಆಮದು ದೇಶದ ಎಚ್‌ಎಸ್ ಸಂಖ್ಯೆ. ರಫ್ತಿನ ಸಂಖ್ಯೆಯನ್ನೇ ತುಂಬಿದರೆ ಕಸ್ಟಮ್ಸ್‌ನಲ್ಲಿ ಪ್ರಶ್ನೆ ಏಳುತ್ತದೆ. ಸರಕು ಹೊರಟು ಮೂರು ದಿನ ಕಳೆದರೆ ಪೂರ್ವಾನ್ವಯ ಪತ್ರವನ್ನೇ (ಸರಕು ಹೊರಟ ಮೇಲೆ ಕೊಡುವ ಫಾರ್ಮ್ ಡಿ) ಕೇಳಬೇಕು, ಅದೂ ಒಂದು ವರ್ಷದೊಳಗೆ.

200 ಡಾಲರ್ ಎಫ್‌ಒಬಿ ಮೀರದ ಸರಕಿಗೆ ಈ ಪತ್ರ ಬೇಡ. ಒಂದೇ ಬಗೆಯ ಸರಕನ್ನು ಮತ್ತೆಮತ್ತೆ ಕಳಿಸುವವರು 2020ರ ಸೆಪ್ಟೆಂಬರ್ 20ರಿಂದ ಜಾರಿಯಲ್ಲಿರುವ ಸ್ವಯಂ ಪ್ರಮಾಣೀಕರಣಕ್ಕೆ ಹೋಗುವುದು ಮೇಲು. ಮಾನ್ಯತೆ ಪಡೆದ ರಫ್ತುದಾರರು ಇನ್‌ವಾಯ್ಸ್ ಮೇಲೆಯೇ ಮೂಲ ಘೋಷಿಸಬಹುದು, ಪ್ರತಿ ಸಾಗಣೆಗೂ ಅರ್ಜಿ ಬೇಕಿಲ್ಲ.