ಹುಮನಾಬಾದ್ ರಸ್ತೆಯ ಕ್ರೇನ್ ಬಾಡಿಗೆ ಸೇವೆ: ಆಪರೇಟರ್‌ಗೆ ಪೂರ್ಣ ಅಂಕ, ಕಾಗದಪತ್ರಕ್ಕೆ ಅರ್ಧ

ಕಲಬುರಗಿಯ ಹುಮನಾಬಾದ್ ರಸ್ತೆಯಲ್ಲಿ ಕ್ರೇನ್ ಬಾಡಿಗೆಗೆ ಕೊಡುವವರೊಬ್ಬರಿಂದ ನಮ್ಮ ತೊಗರಿ ಬೇಳೆ ಮಿಲ್ಲಿನ ಗೋದಾಮಿಗೆ ಕಬ್ಬಿಣದ ಟ್ರಸ್‌ಗಳನ್ನು (ಛಾವಣಿ ಹೊರುವ ಚೌಕಟ್ಟುಗಳನ್ನು) ಏರಿಸಲು ಕ್ರೇನ್ ತರಿಸಿದ್ದೆವು. ದರ ಉಳಿದವರಿಗಿಂತ ತುಸು ಹೆಚ್ಚು. ಆದರೆ ಇಂತಹ ಸೇವೆಯಲ್ಲಿ ನಾನು ಮೊದಲು ನೋಡುವುದು, ಅಪಾಯ ಕಂಡಾಗ ಭಾರ ಎತ್ತುವುದಿಲ್ಲ ಎಂದು ಹೇಳುವ ಅಧಿಕಾರ ಆಪರೇಟರ್‌ಗೆ ಇದೆಯೇ ಎಂಬುದನ್ನು.

ಇಲ್ಲಿ ಅದು ಇತ್ತು. ಒಣಗಿದಾಗ ಗಟ್ಟಿಯಾಗಿ ಕಾಣುವ ನಮ್ಮ ಎರೆಮಣ್ಣು ನೀರು ಕುಡಿದರೆ ಮೆತ್ತಗಾಗಿ ಕುಸಿಯುತ್ತದೆ. ಕ್ರೇನ್ ಅಲುಗದಂತೆ ನೆಲಕ್ಕೆ ಊರುವ ಜಾಕ್‌ಗಳ ಕೆಳಗೆ ನಮ್ಮ ಕೆಲಸಗಾರರು ಇಟ್ಟಿದ್ದ ಶಹಾಬಾದ್ ಫರಸಿ ಕಲ್ಲುಗಳನ್ನು, ಭಾರ ಬಿದ್ದರೆ ಥಟ್ಟನೆ ಒಡೆಯುತ್ತವೆ ಎಂದು ಆಪರೇಟರ್ ತೆಗೆಸಿ, ದಪ್ಪ ಮರದ ಸ್ಲೀಪರ್‌ಗಳ ಮೇಲೆ ಉಕ್ಕಿನ ಪ್ಲೇಟ್ ಹಾಕಿಸಿದರು. ಬೂಮ್, ಅಂದರೆ ಕ್ರೇನಿನ ಉದ್ದನೆಯ ತೋಳು, ಹೊರಚಾಚಿದಷ್ಟೂ ಎತ್ತುವ ಸಾಮರ್ಥ್ಯ ಕುಗ್ಗುತ್ತದೆಂದು ಲೋಡ್ ಚಾರ್ಟ್ (ಎಷ್ಟು ದೂರಕ್ಕೆ ಎಷ್ಟು ಭಾರ ಎಂಬ ಪಟ್ಟಿ) ತೋರಿಸಿ, ಕ್ರೇನನ್ನು ಗೋಡೆಗೆ ಇನ್ನಷ್ಟು ಹತ್ತಿರ ನಿಲ್ಲಿಸಿಕೊಂಡರು. ಮಧ್ಯಾಹ್ನ ಗಾಳಿ ಎದ್ದೊಡನೆ ಟ್ರಸ್ ಇಳಿಸಿ, ಬೂಮ್ ಮಡಚಿ, ಕೆಲಸ ನಿಲ್ಲಿಸಿದರು. ನಮ್ಮ ಗುತ್ತಿಗೆದಾರರು ಒತ್ತಾಯಿಸಿದಾಗ, ಮಾಲೀಕರು ಫೋನಿನಲ್ಲಿ ಆಪರೇಟರ್ ಪರವಾಗಿಯೇ ಮಾತಾಡಿದರು.

ಇದನ್ನು ಅತಿ ಎಚ್ಚರ ಎನ್ನುವವರು 2015ರ ಸೆಪ್ಟೆಂಬರ್ 11ನ್ನು ನೆನೆಯಬೇಕು. ಅಂದು ಮೆಕ್ಕಾದ ಮಸೀದಿಯ ವಿಸ್ತರಣೆ ಕಾಮಗಾರಿಯಲ್ಲಿದ್ದ ಬೃಹತ್ ಕ್ರೇನ್ ಬಿರುಗಾಳಿಗೆ ಉರುಳಿ, ಹಜ್‌ಗೆಂದು ಬಂದಿದ್ದವರೂ ಸೇರಿ ನೂರಕ್ಕೂ ಹೆಚ್ಚು ಜನ ಸತ್ತರು. ಬಳಸದಿರುವಾಗ ಬೂಮನ್ನು ಇಳಿಸಿಡಬೇಕೆಂಬ ತಯಾರಕರ ಸೂಚನೆಯನ್ನು ಪಾಲಿಸಿರಲಿಲ್ಲವೆಂದು ತನಿಖೆ ಹೇಳಿತು. ಪ್ರತಿ ವರ್ಷ ಹಜ್‌ಗೆ ಜನರನ್ನು ಕಳುಹಿಸುವ ಕಲಬುರಗಿಗೆ ಅದು ದೂರದ ಸುದ್ದಿಯಲ್ಲ. ವಿಶಾಖಪಟ್ಟಣದ ಹಿಂದುಸ್ತಾನ್ ಶಿಪ್‌ಯಾರ್ಡ್‌ನಲ್ಲಿ 2020ರ ಆಗಸ್ಟ್ 1ರಂದು ಪರೀಕ್ಷೆ ನಡೆಯುತ್ತಿದ್ದಾಗಲೇ ಕ್ರೇನ್ ಕುಸಿದು 11 ಮಂದಿ ಜೀವ ಕಳೆದುಕೊಂಡರು.

ಹಾಗಾಗಿಯೇ ಈ ಸೇವೆಯ ಎರಡು ಲೋಪಗಳನ್ನು ನಾನು ಸಣ್ಣವೆಂದು ಬಿಡಲಾರೆ. ಕಾರ್ಖಾನೆಯಲ್ಲಿ ಬಳಸುವ ಭಾರ ಎತ್ತುವ ಯಂತ್ರವನ್ನು ಕನಿಷ್ಠ 12 ತಿಂಗಳಿಗೊಮ್ಮೆ ಅರ್ಹ ವ್ಯಕ್ತಿಯಿಂದ ಕೂಲಂಕಷವಾಗಿ ತಪಾಸಣೆ ಮಾಡಿಸಬೇಕೆಂದು 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 29ನೇ ಕಲಂ ಹೇಳುತ್ತಿತ್ತು. ಇವರು ಮೊದಲು ಕೊಟ್ಟ ಪ್ರಮಾಣಪತ್ರದ ಜೆರಾಕ್ಸ್ ಅವಧಿ ಮುಗಿದದ್ದಾಗಿತ್ತು. ಚಾಲ್ತಿಯಲ್ಲಿರುವ ಪ್ರತಿ ಬರುವವರೆಗೆ ನಾವು ಕೆಲಸ ಆರಂಭಿಸಲಿಲ್ಲ. ಸಿಗ್ನಲ್ ಕೊಡುವವರನ್ನಂತೂ ಅವರು ಕಳುಹಿಸಲೇ ಇಲ್ಲ. ಆಪರೇಟರ್‌ಗೆ ಗೋಡೆಯ ಆಚೆ ಏನೂ ಕಾಣದಿರುವಾಗ, ಸನ್ನೆ ಬಲ್ಲ ಒಬ್ಬರೇ ನಿಂತು ದಾರಿ ತೋರಬೇಕು. ಸುತ್ತಲಿನವರೆಲ್ಲ ಕೂಗತೊಡಗಿದರೆ ಕೆಳಗಿರುವವರ ಪ್ರಾಣಕ್ಕೇ ಕುತ್ತು.

ಮುಂದಿನ ಶೆಡ್ಡಿಗೂ ಇವರನ್ನೇ ಕರೆಯುತ್ತೇನೆ. ಚಾಲ್ತಿಯಲ್ಲಿರುವ ಪ್ರಮಾಣಪತ್ರ ಮತ್ತು ತರಬೇತಾದ ಸಿಗ್ನಲ್‌ಮ್ಯಾನ್, ಇವೆರಡೂ ಕ್ರೇನಿನ ಜೊತೆಗೇ ಬರಬೇಕೆಂದು ಬುಕಿಂಗ್ ಚೀಟಿಯಲ್ಲಿ ಬರೆಸಿಕೊಂಡ ಮೇಲಷ್ಟೇ ಮುಂಗಡ ಕೊಡುತ್ತೇನೆ.