ಟಿವಿ, ವಾಟ್ಸಾಪ್, ಇಮೇಲ್, ಕರಿಹಲಗೆ: ನಮ್ಮ ಗ್ರಂಥಾಲಯದ ಸುದ್ದಿಗೆ ಯಾವುದು ವಾಸಿ?

ಮೊದಲೇ ಹೇಳಿಬಿಡುತ್ತೇನೆ. ನನ್ನ ಓಟು ಕರಿಹಲಗೆಗೆ.

ನಾನು ತಾಲ್ಲೂಕು ಕೇಂದ್ರದ ಒಂದು ಪದವಿ ಕಾಲೇಜಿನಲ್ಲಿ ಗ್ರಂಥಪಾಲಕಿ. ಹೊಸ ಪುಸ್ತಕ ಬಂತು, ನಾಳೆ ಉಪನ್ಯಾಸ ಇದೆ, ಈ ಪುಸ್ತಕ ಓದಿ ನೋಡಿ, ಇಂಥವನ್ನೆಲ್ಲ ಹುಡುಗರಿಗೆ ಮುಟ್ಟಿಸಲು ಎರಡು ವರ್ಷದಲ್ಲಿ ನಾಲ್ಕು ದಾರಿ ನೋಡಿದ್ದೇನೆ. ಅದರಲ್ಲಿ ಟಿವಿಗೆ ಕೊಟ್ಟ 28 ಸಾವಿರ ರೂಪಾಯಿ ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಒಂದು ಪುಸ್ತಕಕ್ಕೆ 200 ರೂಪಾಯಿ ಅಂದರೂ 140 ಕನ್ನಡ ಪುಸ್ತಕ ಬರುತ್ತಿದ್ದವು.

ಟಿವಿ 43 ಇಂಚಿನದು. ಚಿತ್ರ ಚೆನ್ನಾಗಿಯೇ ಬರುತ್ತದೆ. ತೊಂದರೆ ಆದದ್ದು ಕನ್ನಡದ್ದು.

ಆಗಸ್ಟ್ 12 ನಮ್ಮ ದೇಶದ ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ಹುಟ್ಟುಹಬ್ಬ, ಗ್ರಂಥಪಾಲಕರ ದಿನ. ಅವತ್ತೇ ಶುರುವಾಗಲಿ ಅಂತ ಹಿಂದಿನ ಸಂಜೆ ಕೂತು ಸ್ಲೈಡ್ ಮಾಡಿದೆ. ನಮ್ಮ ಆಫೀಸಿನ ನೋಟಿಸ್‌ಗಳೆಲ್ಲ ಟೈಪ್ ಆಗುವುದು ಹಳೆಯ ಆಸ್ಕಿ ಫಾಂಟ್‌ನಲ್ಲಿ. ಅದನ್ನೇ ಕಾಪಿ ಮಾಡಿ, ಪೆನ್‌ಡ್ರೈವ್‌ಗೆ ಹಾಕಿ, ಬೆಳಿಗ್ಗೆ ಟಿವಿಗೆ ಚುಚ್ಚಿದೆ. ಪರದೆ ತುಂಬ ಇಂಗ್ಲಿಷ್ ಅಕ್ಷರ! ಒಂದರ ತಲೆ ಮೇಲೆ ಚುಕ್ಕಿ, ಇನ್ನೊಂದರ ಮೇಲೆ ಗೆರೆ, ನಡುವೆ ಪೌಂಡ್ ಚಿಹ್ನೆ. ಅಟೆಂಡರ್ ನೋಡಿ, "ಮೇಡಂ, ಇದು ಯಾವ ಭಾಷೆ?" ಅಂತ ನಿಜವಾಗಿಯೂ ಕೇಳಿದರು.

ಆಸ್ಕಿ ಫಾಂಟ್‌ನಲ್ಲಿ ಕಂಪ್ಯೂಟರಿನ ಒಳಗೆ ಉಳಿಯುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಆ ಫಾಂಟ್ ಇರುವ ಯಂತ್ರದಲ್ಲಿ ಮಾತ್ರ ಅವು ಕನ್ನಡವಾಗಿ ಕಾಣುತ್ತವೆ. ಟಿವಿಯಲ್ಲಿ ಆ ಫಾಂಟ್ ಎಲ್ಲಿಂದ ಬರಬೇಕು? ಸರಿ, ಎಲ್ಲವನ್ನೂ ಯೂನಿಕೋಡ್‌ನಲ್ಲಿ ಮತ್ತೆ ಟೈಪ್ ಮಾಡಿದೆ. ಯೂನಿಕೋಡ್‌ನಲ್ಲಿ ಕನ್ನಡದ ಅಕ್ಷರಗಳಿಗೆ ಅವುಗಳದ್ದೇ ಸಂಕೇತ ಇದೆ. ಈ ಸಲ ಕನ್ನಡವೇನೋ ಬಂತು, ಒತ್ತಕ್ಷರ ಮಾತ್ರ ಬರಲಿಲ್ಲ. ಟಿವಿಯೊಳಗಿನ ಆ್ಯಪ್‌ಗೆ ಅಕ್ಷರ ಕೂಡಿಸಲು ಬರುತ್ತಿರಲಿಲ್ಲ. 'ಗ್ರಂಥಾಲಯ' ಹೋಗಿ 'ಗ್‌ರಂಥಾಲಯ' ಆಯಿತು. ಮೊದಲ ವರ್ಷದ ಹುಡುಗಿಯೊಬ್ಬಳು ಕೌಂಟರಿಗೆ ಬಂದು ಮೆಲ್ಲಗೆ, "ಮೇಡಂ, ಒತ್ತು ಬಿಟ್ಟೋಗಿದೆ" ಅಂದಳು. ಗ್ರಂಥಾಲಯದ ಬಾಗಿಲಲ್ಲೇ ಗ್ರಂಥಾಲಯ ಅನ್ನುವ ಪದ ತಪ್ಪಾಗಿ ಕಾಣುವುದು ನನಗೆ ಸಹಿಸಲು ಆಗಲಿಲ್ಲ.

ಕೊನೆಗೆ ಪ್ರತಿ ಸ್ಲೈಡನ್ನೂ ಫೋಟೋ ಮಾಡಿ ಹಾಕಿದೆ. ಆಗ ಅಕ್ಷರ ಸರಿಹೋದವು. ಆದರೆ ಒಂದು ಅಕ್ಷರ ಬದಲಿಸಬೇಕೆಂದರೂ ಪೆನ್‌ಡ್ರೈವ್ ಕೀಳಬೇಕು, ಒಳಗೆ ಹೋಗಿ ತಿದ್ದಬೇಕು, ಮತ್ತೆ ಫೋಟೋ ಮಾಡಬೇಕು, ಸ್ಟೂಲ್ ಹತ್ತಿ ಚುಚ್ಚಬೇಕು. ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ. ಅದರಲ್ಲಿ ಒಂದು ಉಪನ್ಯಾಸ ಮಧ್ಯಾಹ್ನ 2ಕ್ಕೆ ಅಂತ ಇದ್ದದ್ದು ಬೆಳಿಗ್ಗೆ 11.30ಕ್ಕೆ ಬಂತು. ಕೌಂಟರಿನಲ್ಲಿ ಪುಸ್ತಕ ವಾಪಸ್ ಕೊಡುವವರ ಸಾಲು. ನಾನು ಎದ್ದು ಹೋಗಲು ಆಗಲೇ ಇಲ್ಲ. ಟಿವಿ 2 ಗಂಟೆ ಅಂತಲೇ ತೋರಿಸುತ್ತಿತ್ತು. ಎರಡಕ್ಕೆ ನೋಟ್‌ಬುಕ್ ಹಿಡಿದು ಬಂದ ಏಳೆಂಟು ಹುಡುಗರು, ಕುರ್ಚಿ ಮಡಚುತ್ತಿದ್ದುದನ್ನು ನೋಡಿ ಸುಮ್ನೆ ವಾಪಸ್ ಹೋದರು. ಆ ಮುಖಗಳು ನನಗೆ ಈಗಲೂ ನೆನಪಿವೆ.

ಇನ್ನೊಂದು ಮಾತು. ಹನ್ನೆರಡು ಸ್ಲೈಡ್, ಒಂದೊಂದಕ್ಕೆ ಹತ್ತು ಸೆಕೆಂಡ್. ಬೇಕಾದ ತಾರೀಖು ತಪ್ಪಿತೋ, ಇನ್ನೊಮ್ಮೆ ಬರಲು ಎರಡು ನಿಮಿಷ. ಅಷ್ಟು ಹೊತ್ತು ಬಾಗಿಲಲ್ಲಿ ಯಾರು ನಿಲ್ಲುತ್ತಾರೆ?

ಇಮೇಲ್ ಬಗ್ಗೆ ಒಂದೇ ಸಾಲು: ನಮ್ಮ ಹುಡುಗರು ಇಮೇಲ್ ತೆರೆಯುವುದು ಸ್ಕಾಲರ್‌ಶಿಪ್ ಅರ್ಜಿ ಹಾಕುವಾಗ ಮಾತ್ರ.

ವಾಟ್ಸಾಪ್ ಬೇಗ ಮುಟ್ಟುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗುಂಪು ಮಾಡಿದರೆ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಒಬ್ಬ ವಿದ್ಯಾರ್ಥಿನಿಗೆ ಗುಂಪಿನಿಂದ ನಂಬರ್ ತೆಗೆದುಕೊಂಡು ಯಾರೋ ಮೆಸೇಜ್ ಕಳಿಸಲು ಶುರು ಮಾಡಿದ್ದು ಗೊತ್ತಾದ ದಿನವೇ ಆ ಗುಂಪು ಮುಚ್ಚಿದೆ. ಗ್ರಂಥಾಲಯ ನಂಬಿ ಕೊಟ್ಟ ನಂಬರ್ ಅದು. ಆಮೇಲೆ ಚಾನೆಲ್ ಮಾಡಿದೆ. 2023ರಲ್ಲಿ ಬಂದ ಸೌಲಭ್ಯ ಇದು, ಸೇರಿದವರ ನಂಬರ್ ಒಬ್ಬರದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ. ಇದನ್ನು ಇಟ್ಟುಕೊಂಡಿದ್ದೇನೆ. ನಾಳೆ ರಜೆ, ಬಾಕಿ ಪುಸ್ತಕ ಕೊಡಿ, ಸಮಯ ಬದಲಾಗಿದೆ, ಇಷ್ಟಕ್ಕೆ ಸಾಕು. ಅದರಲ್ಲಿ ಪುಸ್ತಕದ ಬಗ್ಗೆ ಬರೆದರೆ ಹೃದಯದ ಚಿಹ್ನೆ ಬೀಳುತ್ತದೆ, ಪುಸ್ತಕ ಕಪಾಟಿನಲ್ಲೇ ಉಳಿಯುತ್ತದೆ.

ಇನ್ನು ನನ್ನ ಕರಿಹಲಗೆ. ಹೊಸ ಕಟ್ಟಡಕ್ಕೆ ಬಂದಾಗ ಬಿಸಾಡಲು ಇಟ್ಟಿದ್ದರು, ನಾನು ಕೇಳಿ ಉಳಿಸಿಕೊಂಡೆ. ಅದನ್ನು ಬ್ಯಾಗ್ ಇಡುವ ರ‍್ಯಾಕ್ ಪಕ್ಕ, ಹಾಜರಿ ಪುಸ್ತಕದ ಎದುರಿಗೆ ನಿಲ್ಲಿಸಿದ್ದೇನೆ. ಒಳಗೆ ಬರುವ ಪ್ರತಿಯೊಬ್ಬರೂ ಅಲ್ಲಿ ಬ್ಯಾಗ್ ಇಟ್ಟು, ಸಹಿ ಹಾಕಲು ಅರ್ಧ ನಿಮಿಷ ನಿಲ್ಲಲೇಬೇಕು. ಎಡಗಡೆ ವಾರದ ಕಾರ್ಯಕ್ರಮ. ಬಲಗಡೆ ಒಂದೇ ಒಂದು ಪುಸ್ತಕದ ಹೆಸರು. ಸಮಯ ಬದಲಾಯಿತಾ? ಡಸ್ಟರ್ ಎಳೆದು ಬರೆದರೆ ಮುಗಿಯಿತು. ನಾನು ಕೌಂಟರ್ ಬಿಟ್ಟು ಏಳಲು ಆಗದಿದ್ದರೆ ಸಾಲಿನಲ್ಲಿ ನಿಂತ ಹುಡುಗನೇ ಬರೆಯುತ್ತಾನೆ. ಒತ್ತು, ದೀರ್ಘ ಎಲ್ಲ ಸರಿಯಾಗಿ ಬೀಳುತ್ತವೆ.

ಹಲಗೆಯ ಕೆಳಗೆ ಒಂದು ಸಣ್ಣ ಮೇಜು. ಅದರ ಮೇಲೆ ಆ ವಾರದ ಪುಸ್ತಕ, ಒಳಗಿಂದ ಇಣುಕುವ ಒಂದು ಹಳದಿ ಚೀಟಿ. ಓದಿ ಮುಗಿಸಿದವರು ಆ ಚೀಟಿ ಬರೆಯಬೇಕು. ಮೂರು ಸಾಲು ಮಾತ್ರ, ಕೊನೆ ಏನಾಯಿತು ಅಂತ ಹೇಳಬಾರದು. ಹೋದ ತಿಂಗಳು ಬಿ.ಕಾಂ. ಹುಡುಗನೊಬ್ಬ ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುವ ಕಾದಂಬರಿ ಓದಿದ್ದ. ಅವನ ಚೀಟಿ ಹೀಗಿತ್ತು: "ನಮ್ಮ ತೋಟದಲ್ಲೂ ಓತಿ ಇದೆ. ಇದನ್ನು ಓದಿದ ಮೇಲೆ ಅದಕ್ಕೆ ಕಲ್ಲು ಹೊಡೆಯುವುದು ಬಿಟ್ಟೆ. ಒಂದು ಸಲ ಓದಿ." ನಮ್ಮಲ್ಲಿದ್ದ ಮೂರು ಪ್ರತಿಯೂ ಅದೇ ವಾರ ಹೊರಗೆ ಹೋದವು. ಬೆನ್ನ ಮೇಲೆ 894.8143 ಅಂತ, ಅಂದರೆ ಕನ್ನಡ ಕಾದಂಬರಿಗಳ ವರ್ಗಸಂಖ್ಯೆ, ಅಂಟಿಸಿಕೊಂಡು ವರ್ಷಗಟ್ಟಲೆ ಕಪಾಟಿನಲ್ಲಿ ಕೂತಿದ್ದ ಪುಸ್ತಕ ಅದು. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಅಂತ ರಂಗನಾಥನ್ 1931ರಲ್ಲೇ ತಮ್ಮ ಐದು ಸೂತ್ರಗಳಲ್ಲಿ ಬರೆದಿದ್ದಾರೆ. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದ ಆ ಮೂರನೇ ಸೂತ್ರ ನನಗೆ ಅರ್ಥವಾದದ್ದು ಅವನ ಚೀಟಿಯಿಂದ.

ಕರಿಹಲಗೆಗೂ ಕೊರತೆ ಇದೆ. ಗ್ರಂಥಾಲಯಕ್ಕೆ ಬಾರದವರಿಗೆ ಅದು ಮುಟ್ಟುವುದಿಲ್ಲ. ಅದಕ್ಕೇ ದಿನಾ ಬೆಳಿಗ್ಗೆ ಹಲಗೆಯ ಒಂದು ಫೋಟೋ ತೆಗೆದು ಚಾನೆಲ್‌ಗೆ ಹಾಕುತ್ತೇನೆ. ಸೀಮೆಸುಣ್ಣದ ಧೂಳಿಗೆ ನನಗೆ ಸೀನು ಬರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ.

ಸ್ಲೈಡ್ ಮಾಡಲೆಂದೇ ಒಬ್ಬರು ಇದ್ದರೆ, ದುಡ್ಡೂ ಇದ್ದರೆ, ಟಿವಿ ತಗೊಳ್ಳಿ. ಮೊದಲ ದಿನವೇ ಫೋಟೋ ಮಾಡಿ ಹಾಕಿ, ಆರು ಸ್ಲೈಡ್‌ಗಿಂತ ಜಾಸ್ತಿ ಬೇಡ. ನಮ್ಮಲ್ಲಿ ನಾನು, ಒಬ್ಬ ಅಟೆಂಡರ್, ಇಬ್ಬರೇ. ನನಗೆ ಕೈಯಲ್ಲಿ ಬರೆಯುವುದೇ ಅಭ್ಯಾಸ. ವರ್ಷಕ್ಕೆ ನಾಲ್ಕು ಡಬ್ಬಿ ಸೀಮೆಸುಣ್ಣ ಸಾಕು.

ಟಿವಿ ಈಗ ಓದುವ ಕೋಣೆಯಲ್ಲಿದೆ. ಕಾಲೇಜುಗಳಿಗೆ ಇ-ಪುಸ್ತಕ ಒದಗಿಸುವ ಎನ್-ಲಿಸ್ಟ್ ಜಾಲತಾಣದಲ್ಲಿ ಪುಸ್ತಕ ಹುಡುಕುವುದು ಹೇಗೆ ಅಂತ ಹೊಸಬರಿಗೆ ಅದರಲ್ಲಿ ತೋರಿಸುತ್ತೇನೆ. ಆ ಕೆಲಸಕ್ಕೆ ಚೆನ್ನಾಗಿದೆ. ಸೋಮವಾರದ ಹಲಗೆಗೆ ಚೀಟಿ ಆಗಲೇ ಬಂದಿದೆ. ಈ ಸಲ ಬರೆದದ್ದು ನಮ್ಮ ಅಟೆಂಡರ್.